ಕೆಲಸದ ದಿನದ ಒಂದು ಫೋಟೋ

ವೆಬ್‌ಸೈಟು ಮಾಡಿಕೊಡುವುದು ನನ್ನ ಹೊಟ್ಟೆಪಾಡು. ನಾಸಿಕದ ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಗಾಜು ಹಾಕಿಸಿ, ಅದನ್ನೇ ಆಫೀಸು ಅಂತ ಕರೆದುಕೊಂಡು ಹದಿಮೂರು ವರ್ಷ ಆಯಿತು. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಯಾವುದೋ ಅಂಗಡಿಯ ಸೈಟು ತೆರೆದಾಗ ಪರದೆಯ ಮೇಲೆ ಬರೀ ಚಕ್ರ ತಿರುಗುತ್ತ ನಿಂತರೆ ನನ್ನ ಕಾಲು ತಾನಾಗಿ ಅಲುಗತೊಡಗುತ್ತದೆ. ನಾಲ್ಕು ಎಣಿಸುವುದರೊಳಗೆ ತೆರೆಯದಿದ್ದರೆ ಮುಚ್ಚಿಬಿಡುತ್ತೇನೆ. ಜನರೂ ಹಾಗೇ ಮುಚ್ಚುತ್ತಾರೆ ಅಂತ ಗೊತ್ತಿರುವುದರಿಂದ ನನ್ನ ಅವಸರವೇ ನನಗೆ ಅನ್ನ ಹಾಕುತ್ತಿದೆ. ಮನೆಯಲ್ಲಿ ಮಾತ್ರ ಇದರಿಂದ ಎಲ್ಲರಿಗೂ ತಲೆನೋವು.

ಗಿರಾಕಿಗಳ ಜೊತೆ ನನ್ನ ಜಗಳ ಯಾವಾಗಲೂ ಒಂದೇ. ಸಟಾಣಾದ ಕಡೆಯ ಒಬ್ಬರು ದಾಳಿಂಬೆ ಸಸಿ ಮಾರುವವರು. ಮೊದಲ ಪುಟದಲ್ಲಿ ಕಾರಂಜಿ ಚಿಮ್ಮಬೇಕು, ಸುಸ್ವಾಗತ ಅಂತ ಅಕ್ಷರ ಓಡಬೇಕು, ಅದರ ಕೆಳಗೆ ಅವರು ಯಾರೋ ಮುಖಂಡರ ಕೈ ಕುಲುಕುವ ಫೋಟೋ ಬರಬೇಕು ಎಂದು ಪಟ್ಟು ಹಿಡಿದರು. ಸಸಿ ಬೇಕಾದವನು ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಿಂತು ಒಂದೇ ಕೈಯಲ್ಲಿ ಫೋನು ಹಿಡಿದು ನೋಡುತ್ತಾನೆ, ಯಾವ ತಳಿ ಇದೆ, ಯಾವಾಗ ಸಿಗುತ್ತದೆ, ಯಾರಿಗೆ ಫೋನು ಮಾಡಬೇಕು ಅಂತ ಹುಡುಕುತ್ತಾನೆ, ಅವನಿಗೆ ನಿಮ್ಮ ಕಾರಂಜಿಯಿಂದ ಏನಾಗಬೇಕು ಎಂದು ಕೇಳಿದೆ. ಎರಡು ತಿಂಗಳು ಸಿಟ್ಟು ಮಾಡಿಕೊಂಡು ಆಮೇಲೆ ತಾವೇ ಬಂದರು. ಸಿನ್ನರ್‌ನ ಒಬ್ಬ ಕಾರ್ಖಾನೆಯವರ ಸೈಟಿನಲ್ಲಿ ಜಗತ್ತಿನ ಗುಣಮಟ್ಟ ಎಂಬ ಮಾತು ಮೂರು ಕಡೆ ಇತ್ತು, ಅವರು ಏನು ತಯಾರಿಸುತ್ತಾರೆ ಎಂಬುದು ಎಲ್ಲೂ ಇರಲಿಲ್ಲ. ಅದನ್ನು ಅವರ ಮುಖಕ್ಕೇ ಹೇಳಿದೆ. ನನ್ನ ಬಾಯಿಯಿಂದ ನಾನು ಕಳೆದುಕೊಂಡ ಗಿರಾಕಿಗಳೂ ಸಾಕಷ್ಟಿದ್ದಾರೆ.

ಊರಿಗೆಲ್ಲ ಹೀಗೆ ಬುದ್ಧಿ ಹೇಳಿಕೊಂಡು ತಿರುಗುವ ನಾನು ಸ್ವಂತ ಅಕ್ಕನ ಅಂಗಡಿಗೆ ಎಂಥ ಸೈಟು ಮಾಡಿಕೊಟ್ಟೆ ಎಂಬುದನ್ನು ಹೇಳಬೇಕು. ನಾಚಿಕೆಯಾಗುತ್ತದೆ, ಆದರೆ ಹೇಳದೆ ಇರಲು ಆಗುತ್ತಿಲ್ಲ.

ನಮ್ಮದು ಮೂಲತಃ ಬೀದರ್ ಜಿಲ್ಲೆ. ಅಪ್ಪನ ನೌಕರಿಯಿಂದಾಗಿ ನಾಸಿಕಕ್ಕೆ ಬಂದೆವು. ಅಕ್ಕನನ್ನು ಛತ್ರಪತಿ ಸಂಭಾಜಿನಗರಕ್ಕೆ ಕೊಟ್ಟಿದ್ದು. ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಮಾಮಾನದು ಮೋಟರ್ ರಿವೈಂಡಿಂಗ್ ಅಂಗಡಿ. ಕಾರ್ಖಾನೆಯ ಮೋಟರು ಸುಟ್ಟರೆ ಒಳಗೆ ಕರಕಲಾದ ತಾಮ್ರದ ತಂತಿಯನ್ನೆಲ್ಲ ಕಿತ್ತುಹಾಕಿ, ಹೊಸ ತಂತಿಯನ್ನು ಲೆಕ್ಕ ಹಾಕಿ ಸುತ್ತಿ ಕೂರಿಸುವ ಕೆಲಸ. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಮೋಟರು ಬಿಸಿಯಾಗಿ ಮತ್ತೆ ಸುಡುತ್ತದೆ. ಆರು ವರ್ಷದ ಹಿಂದೆ ಮಾಮಾನ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಔಷಧಿ ಕೊಟ್ಟರು, ನಡುಕ ಪೂರ್ತಿ ನಿಲ್ಲಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಕೇಳಿದರೂ ಒಂದೇ ಉತ್ತರ: ಅಕ್ಕ ಅಂಗಡಿಯಲ್ಲಿ ಸ್ವಲ್ಪ ಕೈಜೋಡಿಸುತ್ತಾಳೆ. ನಾನೂ ಅದನ್ನೇ ಹೇಳುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಅಕ್ಕ ಫೋನು ಮಾಡಿದಳು.

"ಬಿಡಕಿನ್‌ದಾಗ ಇಲ್ಲೇ ನಮ್ಮೂರ ಬಾಜೂಕ ಹೊಸಾ ಫ್ಯಾಕ್ಟರಿ ಚಾಲೂ ಆಗ್ಯಾದ. ಅವರ ಮೋಟರ್ ಕೆಲಸ ನಮಗ ಸಿಗಬೇಕಂದ್ರ ಕಂಪ್ಯೂಟರ್‌ದಾಗ ಒಂದು ಫಾರ್ಮ್ ತುಂಬಬೇಕಂತ. ಅದರಾಗ ವೆಬ್‌ಸೈಟ್ ಅಂತ ಒಂದು ಖಾನಾ ಅದ. ಖಾಲಿ ಬಿಟ್ರ ಮುಂದಕ್ಕೇ ಹೋಗವಲ್ದು."

"ಎಷ್ಟು ದಿನ ಅದ?"

"ಹತ್ತು. ಇಲ್ಲಿ ಹಳೇ ಗಿರಾಕಿ ಎಲ್ಲಾ ಸುಟ್ಟ ಮೋಟರ್ ಒಗದು ಹೊಸಾದ ತರ್ಲಾಕತ್ಯಾರ. ಇದೂ ಕೈ ಬಿಟ್ರ ದೀಪಾವಳಿಗೆ ಶಟರ್ ಎಳೀತೀವಿ ನೋಡು. ನಾ ಯಾವದರೆ ಪ್ಯಾಕಿಂಗ್ ಕಂಪನ್ಯಾಗ ನಿಂತು ಡಬ್ಬಿ ಮುಚ್ಕೋತ ಇರಬೇಕು."

ಕೊನೆಯ ಮಾತು ಹೇಳುವಾಗ ಅವಳ ದನಿ ಒಡೆಯಿತು. ಅಂಗಡಿ ಮುಚ್ಚಿದರೆ ಮಾಮಾನಿಗೆ ಸಂಕಟವಾಗಬೇಕು, ಬರೀ ಕೈಜೋಡಿಸುವ ಅಕ್ಕನಿಗೆ ಇಷ್ಟು ಯಾಕೆ ಎಂದು ನಾನು ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ಫೋಟೋ ಕಳಿಸು, ಎಂಟು ದಿನದಲ್ಲಿ ಮಾಡಿ ಬಿಸಾಕುತ್ತೇನೆ ಎಂದೆ.

ಅಕ್ಕನ ಮಗಳು ನಲವತ್ತಮೂರು ಫೋಟೋ ಕಳಿಸಿದಳು. ಒಂದೊಂದಾಗಿ ತೆರೆದು ನೋಡುತ್ತ ಹೋದಂತೆ ನನ್ನ ತಲೆ ಕೆಟ್ಟಿತು. ನಲವತ್ತಮೂರೂ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ಫೋಟೋಗಳು. ಬೇರೆ ಬೇರೆ ವರ್ಷದವು, ಎಲ್ಲವೂ ಅದೇ ದಿನದವು. ಮೋಟರುಗಳಿಗೆಲ್ಲ ಚೆಂಡುಹೂವಿನ ಹಾರ. ಸುತ್ತುವ ಯಂತ್ರಕ್ಕೆ ಕುಂಕುಮ, ವಿಭೂತಿ, ಎರಡೂ ಕಡೆ ಬಾಳೆಕಂದು. ಮಾಮಾ ಬಿಳಿ ಟೊಪ್ಪಿಗೆ ಹಾಕಿಕೊಂಡು ಹೊಸ ಅಂಗಿಯಲ್ಲಿ ಕೈಮುಗಿದು ನಿಂತಿದ್ದಾರೆ. ಅಕ್ಕ ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದಿದ್ದಾಳೆ. ನೆಲ ತೊಳೆದು ರಂಗೋಲಿ ಹಾಕಿದೆ. ಒಂದು ತುಂಡು ತಂತಿ ಕಾಣುವುದಿಲ್ಲ, ಒಬ್ಬರ ಕೈಗೂ ಮಸಿ ಇಲ್ಲ. ವರ್ಷದಲ್ಲಿ ಯಾವ ಒಂದು ದಿನ ಒಂದು ಯಂತ್ರವನ್ನೂ ಮುಟ್ಟುವುದಿಲ್ಲವೋ, ಆ ಒಂದು ದಿನದ ಚಿತ್ರಗಳನ್ನೇ ಇವರು ವರ್ಷಗಟ್ಟಲೆ ಕೂಡಿಟ್ಟಿದ್ದರು. ನೋಡಿದವರಿಗೆ ಇದು ಅಂಗಡಿಯೋ ಮಠವೋ ತಿಳಿಯುವಂತಿರಲಿಲ್ಲ.

ಫೋನು ಮಾಡಿ ಹುಡುಗಿಯ ಮೇಲೆ ಹರಿಹಾಯ್ದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ; ಚಿಕ್ಕಮ್ಮನಾದ ನಾನು ಅವಳಿಗೆ ಮಾವಶಿ. "ಮಾವಶೀ, ಉಳಿದ ದಿನ ಅಲ್ಲಿ ಎಲ್ಲ ಹೊಲಸಾಗಿರುತ್ತದೆ, ಅದರ ಫೋಟೋ ಯಾರು ತೆಗೆಯುತ್ತಾರೆ?" ಎಂದಳು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ.

ಬೇರೆ ಗಿರಾಕಿಯಾಗಿದ್ದರೆ ನಾನು ಬ್ಯಾಗು ಹೆಗಲಿಗೇರಿಸಿ ಹೋಗಿ ಒಂದು ದಿನ ಅಂಗಡಿಯಲ್ಲಿ ಕೂರುತ್ತಿದ್ದೆ. ಅದು ನನ್ನ ನಿಯಮ. ಇದು ನಮ್ಮ ಅಕ್ಕನ ಅಂಗಡಿ, ಹತ್ತಾರು ಸಲ ಹೋಗಿಬಂದ ಜಾಗ, ನನಗೆ ಗೊತ್ತಿಲ್ಲದ್ದು ಏನಿದೆ ಎನಿಸಿತು. ನಾಲ್ಕೈದು ತಾಸಿನ ಬಸ್ಸು ಪ್ರಯಾಣ ನೆನೆದರೇ ಬೇಸರವಾಯಿತು. ಹೀಗಾಗಿ ನಾನು ಬೇರೆಯವರನ್ನು ಬೈಯುವ ಕೆಲಸವನ್ನೇ ಮಾಡಿದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಸಿದ್ಧ ಫೋಟೋಗಳನ್ನು ಹಾಕಿದೆ. ಹಳದಿ ಹೆಲ್ಮೆಟ್ಟಿನ ಪರದೇಶಿ ಗಂಡಸರಿಬ್ಬರು ಹೊಳೆಯುವ ಮೋಟರಿನ ಮುಂದೆ ನಿಂತು ನಗುತ್ತಿದ್ದಾರೆ. ಅನುಭವಿ ತಂತ್ರಜ್ಞರ ತಂಡ ಎಂದು ಬರೆದೆ. ಮುಖ್ಯ ವೈಂಡರ್ ಎಂದು ಮಾಮಾನ ಹೆಸರು ಕೊಟ್ಟೆ. ಮಾಮಾನ ಮರಾಠಿಯಲ್ಲಿ ಅರ್ಧ ಕನ್ನಡವೇ ಇರುತ್ತದೆ, ಅಕ್ಕ ಗಿರಾಕಿಗಳ ಜೊತೆ ಮಾತೇ ಆಡುವುದಿಲ್ಲ, ಫೋನು ಎತ್ತಿದವರು ಚೊಕ್ಕವಾಗಿ ಮಾತಾಡಲಿ ಎಂದು ನಂಬರು ನನ್ನದೇ ಹಾಕಿದೆ. ಪುಟ ಎರಡು ಎಣಿಸುವುದರೊಳಗೆ ತೆರೆಯುತ್ತಿತ್ತು. ಅದನ್ನು ನೋಡಿ ನಾನು ಹಿಗ್ಗಿದೆ. ಫಾರ್ಮು ಫ್ಯಾಕ್ಟರಿಗೆ ಹೋಯಿತು.

ನಾಲ್ಕನೇ ದಿನ ಆ ಫ್ಯಾಕ್ಟರಿಯ ಮೆಂಟೆನನ್ಸ್ ಮುಖ್ಯಸ್ಥರಿಂದ ನನಗೆ ಫೋನು ಬಂತು. ಮರಾಠಿಯವರು, ಸಮಾಧಾನದ ದನಿ.

"ನಿಮ್ಮ ಸೈಟಿನಲ್ಲಿರುವ ಈ ಹೆಲ್ಮೆಟ್ಟಿನವರು ಎಷ್ಟು ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ? ಈ ತಿಂಗಳು ಇವರನ್ನು ನಾನು ನೋಡುತ್ತಿರುವುದು ಇದು ಮೂರನೇ ಸಲ" ಎಂದರು.

ಏನೋ ತೊದಲಿದೆ.

"ಹೋಗಲಿ ಬಿಡಿ. ವೈಂಡಿಂಗ್ ಯಾರು ಮಾಡುತ್ತಾರೆ?"

"ನಮ್ಮ ಭಾವನವರು. ತುಂಬಾ ಅನುಭವಿಗಳು."

"ಸುತ್ತಿದ ತಂತಿಗೆ ವಾರ್ನಿಶ್ ಹಾಕಿದ ಮೇಲೆ ಎಷ್ಟು ಹೊತ್ತು ಒಣಗಿಸುತ್ತೀರಿ?"

"ಅಗತ್ಯ ಇದ್ದಷ್ಟು" ಎಂದೆ. ಇಂಥ ಉತ್ತರ ಬೇರೆಯವರು ಕೊಟ್ಟಿದ್ದರೆ ನಾನೇ ಫೋನು ಕುಕ್ಕುತ್ತಿದ್ದೆ. ಅವರು, ನಾಡಿದ್ದು ಅಂಗಡಿಗೆ ಬಂದು ನೋಡುತ್ತೇನೆ, ಫಾರ್ಮಿನ ಮಾತು ಆಮೇಲೆ ಎಂದು ಇಟ್ಟುಬಿಟ್ಟರು.

ಆ ದಿನವಿಡೀ ಮನೆಯೊಳಗೆ ಶತಪಥ ಹಾಕಿದೆ. ಮರುದಿನ ಬೆಳಿಗ್ಗೆಯ ಮೊದಲ ಬಸ್ಸು ಹತ್ತಿದೆ. ಅಕ್ಕನಿಗೆ ಹೇಳಲಿಲ್ಲ, ಏನಂತ ಹೇಳುವುದು? ದಾರಿಯುದ್ದಕ್ಕೂ ಮೊಬೈಲಿನಲ್ಲಿ ಆ ಸೈಟನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದೆ. ಹೆಲ್ಮೆಟ್ಟಿನವರು ನಗುತ್ತಲೇ ಇದ್ದರು. ಪಕ್ಕದ ಸೀಟಿನ ಅಜ್ಜಿ ನನ್ನ ಮಂಡಿಯ ಮೇಲೆ ಕೈಯಿಟ್ಟು ಕಾಲು ಅಲುಗಿಸುವುದು ನಿಲ್ಲಿಸೆಂದಳು.

ನಡುಮಧ್ಯಾಹ್ನ ಅಂಗಡಿ ಮುಟ್ಟಿದೆ. ಬುಧವಾರ, ಯಾವ ಹಬ್ಬವೂ ಇಲ್ಲ. ಸುಟ್ಟ ವಾರ್ನಿಶ್ಶಿನ ವಾಸನೆ ಬಾಗಿಲಲ್ಲೇ ಗಂಟಲು ಹಿಡಿಯಿತು. ಒಳಗೆ ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಸೀರೆಯ ಮೇಲೆ ಮಾಮಾನ ಹಳೆಯ ಅಂಗಿ, ಮೊಣಕೈವರೆಗೆ ಮಸಿ. ಎಡಗೈಯಿಂದ ಯಂತ್ರದ ಹಿಡಿಕೆ ತಿರುಗಿಸುತ್ತ ಬಲಗೈ ಬೆರಳ ಸಂದಿನಲ್ಲಿ ತಂತಿಯನ್ನು ಬಿಡುತ್ತಿದ್ದಳು. ನಾನು ಅಕ್ಕಾ ಎಂದೆ. ಅವಳು ತಲೆ ಎತ್ತಲಿಲ್ಲ, ಎಣಿಸುವುದನ್ನು ಬಿಡಲಿಲ್ಲ. "ನಲವತ್ತೊಂದು, ನಲವತ್ತೆರಡು..." ಅರವತ್ತೆಂಟಕ್ಕೆ ನಿಲ್ಲಿಸಿ, ತಂತಿ ಕತ್ತರಿಸಿ, ಆಮೇಲೆ ನನ್ನನ್ನು ನೋಡಿ, "ಯಾಕವಾ, ಏನಾತು?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು. ಅಕ್ಕ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಹಿಂದಿನ ಪರದೆಯಾಚೆ ಹೋದಳು. ಅಲ್ಲೊಂದು ಗ್ಯಾಸ್ ಒಲೆ ಇದೆ. ಬಾಗಿಲ ಬಳಿ ಕೂತಿದ್ದ ಮಾಮಾ ಎದ್ದು ಬಂದು ಅವಳ ಜಾಗದಲ್ಲಿ ಕೂತು, ನಟ್ಟು ತಿರುಗಿಸುವ ಒಂದು ಪಾನಾ ಕೈಗೆತ್ತಿಕೊಂಡರು. ಬಂದ ಗಿರಾಕಿ ತನ್ನ ಮೋಟರು ತೆಗೆದುಕೊಂಡು, ನಿಮ್ಮ ಕೈಗುಣ ದೊಡ್ಡದು ಎಂದು ಮಾಮಾನಿಗೆ ಹೇಳಿ ಹೋದ. ಅಕ್ಕ ಚಹಾ ತಂದಳು.

"ಇದು ಯಾವಾಗಿಂದ?" ಎಂದು ಕೇಳಿದೆ.

"ಆರು ವರ್ಷಾತು."

"ಎಲ್ಲಾ ನೀನೇ ಸುತ್ತತಿ?"

"ಮತ್ಯಾರು ಸುತ್ತಬೇಕು?"

"ನನಗ್ಯಾಕ ಹೇಳ್ಲಿಲ್ಲ?"

"ನೀ ಯಾವಾಗ ಕೇಳಿದಿ?" ಎಂದಳು ಅಕ್ಕ. ದನಿಯಲ್ಲಿ ಸಿಟ್ಟೇನಿರಲಿಲ್ಲ. "ನೀ ಬರೂದು ಹಬ್ಬಕ್ಕ. ಹಬ್ಬದಾಗ ಅಂಗಡಿ ಬಂದ್ ಇರ್ತದ."

ಆ ಮಾತು ಕೇಳಿ ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟು ಸುಲಭ, ಹಾಗಾಗಿ ಅದನ್ನೇ ಹಿಡಿದುಕೊಂಡೆ. ನಾಳೆ ಬರುವವರಿಗೆ ಇದ್ದದ್ದು ಇದ್ದಹಾಗೆ ಹೇಳೋಣ, ಸೈಟಿನಲ್ಲಿ ಅಕ್ಕನ ಫೋಟೋ ಹಾಕುತ್ತೇನೆ ಎಂದು ಕೂಗಾಡಿದೆ. ಅಕ್ಕ ಕೈ ಅಡ್ಡ ಹಿಡಿದಳು. "ನಿಮ್ಮ ಮಾಮಾನ ಮಾರಿ ನೋಡಿ ಗಿರಾಕಿ ಬರ್ತಾರ. ಹೆಣ್ಮಗಳು ಸುತ್ಯಾಳಂದ್ರ ಯಾರು ನಂಬ್ತಾರ? ನನ್ನ ಕಡೆ ಯಾವ ಐಟಿಐ ಸರ್ಟಿಫಿಕೇಟ್ ಅದ? ಇದ್ದದ್ದೂ ಹೋಗ್ತದ. ನೀ ಸುಮ್ನಿರು." ಮಾಮಾ ನೆಲ ನೋಡುತ್ತ ಕೂತಿದ್ದರು. ಆ ರಾತ್ರಿ ನಾನು ನಿದ್ದೆ ಮಾಡಿದೆನೆಂದು ಹೇಳಲಾರೆ.

ಮರುದಿನ ಹನ್ನೊಂದಕ್ಕೆ ಫ್ಯಾಕ್ಟರಿಯ ಆ ಮುಖ್ಯಸ್ಥರು ಬಂದರು. ನನ್ನನ್ನು ನೋಡಿ, ಫೋನ್ ಎತ್ತಿದವರು ನೀವೇನಾ ಎಂದು ಕೇಳಿ ನಕ್ಕರು. ಅಕ್ಕ ರೂಢಿಯಂತೆ ಪರದೆಯಾಚೆ ಹೋಗಿ ಚಹಾಕ್ಕೆ ಇಟ್ಟಿದ್ದಳು. ಹಿಂದಿನ ದಿನ ಮುಗಿಸಿದ್ದ ಮೋಟರು ಮೇಜಿನ ಮೇಲೆ ಇನ್ನೂ ತೆರೆದೇ ಇತ್ತು. ಅವರು ಬಗ್ಗಿ ನೋಡಿ, ಬೆರಳಿನಿಂದ ಸುರುಳಿಗಳನ್ನು ಮುಟ್ಟಿ, ಇದರಲ್ಲಿ ಎಷ್ಟು ಸುತ್ತು ಹಾಕಿದ್ದೀರಿ ಎಂದು ಮಾಮಾನನ್ನು ಕೇಳಿದರು.

"ಅರವತ್ನಾಲ್ಕು" ಎಂದರು ಮಾಮಾ.

ಪರದೆಯ ಹಿಂದೆ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಅಕ್ಕನ ದನಿ, ಮರಾಠಿಯಲ್ಲಿ: "ಅರವತ್ತೆಂಟು, ಸಾಹೇಬ. ಅರವತ್ನಾಲ್ಕು ಇದ್ದದ್ದು ಮೊದಲು. ಯಾರೋ ಕಡಿಮೆ ಸುತ್ತಿದ್ದರು, ಅದಕ್ಕೇ ಸುಟ್ಟಿತು. ನಾನು ಸರಿ ಮಾಡಿದೆ."

ನಾನು ಎಂಬ ಮಾತು ಅಕ್ಕನ ಬಾಯಿಯಿಂದ ಬಂದಾಗಿತ್ತು. ಬಂದವರು ಪರದೆಯನ್ನು ನೋಡಿದರು, ಮಾಮಾನ ನಡುಗುವ ಕೈಯನ್ನು ನೋಡಿದರು. ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಮಾಮಾ ನಿಧಾನವಾಗಿ ಎದ್ದರು. ಹೋಗಿ, ಪರದೆಯನ್ನು ಪೂರ್ತಿ ಪಕ್ಕಕ್ಕೆ ಸರಿಸಿದರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಒಲೆಯ ಮುಂದೆ ನಿಂತಿದ್ದಳು.

ಅವರು ಅರ್ಧ ತಾಸು ಅಕ್ಕನನ್ನು ಪ್ರಶ್ನೆ ಕೇಳಿದರು. ಯಾವುದಕ್ಕೂ ಅವಳು ಅಗತ್ಯ ಇದ್ದಷ್ಟು ಎಂದು ಉತ್ತರಿಸಲಿಲ್ಲ. ಕೊನೆಗೆ ಜೀಪಿನಿಂದ ಒಂದು ಸುಟ್ಟ ಮೋಟರು ಇಳಿಸಿ, ಇದನ್ನು ಮಾಡಿಕೊಡಿ, ಹದಿನೈದು ದಿನ ಓಡಿಸಿ ನೋಡುತ್ತೇವೆ ಎಂದರು. ಹೊರಡುವಾಗ ನನ್ನ ಕಡೆ ತಿರುಗಿ, "ನಮ್ಮಲ್ಲಿ ಒಂದು ಮೋಟರು ನಿಂತರೆ ಇಡೀ ಲೈನು ನಿಲ್ಲುತ್ತದೆ. ಆಗ ನನಗೆ ಬೇಕಾದದ್ದು ಒಂದೇ, ಯಾರಿಗೆ ಫೋನು ಮಾಡಿದರೆ ಸರಿಯಾದ ಉತ್ತರ ಸಿಗುತ್ತದೆ ಎಂಬುದು. ನಿಮ್ಮ ಸೈಟಿನಲ್ಲಿ ಅದೊಂದೇ ಇಲ್ಲ" ಎಂದರು. ನಾನು ಹದಿಮೂರು ವರ್ಷದಿಂದ ಬೇರೆಯವರಿಗೆ ಹೇಳುತ್ತ ಬಂದ ಮಾತನ್ನು ನನಗೇ ಕೇಳಿಸಿ ಹೋದರು.

ಮಧ್ಯಾಹ್ನವೇ ಮೇಜಿನ ಒಂದು ಮೂಲೆ ಖಾಲಿ ಮಾಡಿಕೊಂಡು ಸೈಟನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದೆ. ಫೋಟೋ ತೆಗೆಯುತ್ತೇನೆ ಎಂದಾಗ ಅಕ್ಕ, "ತಡಿ, ಸೀರಿ ಬದಲಿ ಮಾಡ್ಕೊಂಡು ಬರ್ತೀನಿ" ಎಂದು ಎದ್ದಳು. ಏಳಬೇಡ, ಸುಮ್ಮನೆ ಕೆಲಸ ಮಾಡು ಎಂದು ಗದರಿದೆ. ಮಸಿಯ ಕೈ, ಮಾಮಾನ ಅಂಗಿ, ಬೆರಳ ಸಂದಿನ ತಂತಿ, ಎಲ್ಲ ಬಂತು. ಅದರ ಕೆಳಗೆ ಅಕ್ಕನ ಹೆಸರು, ಅಕ್ಕನ ಫೋನ್ ನಂಬರು. ಯಾವ ಅಳತೆಯ ಮೋಟರು, ಎಷ್ಟು ದಿನ ಬೇಕು, ಅಂಗಡಿಯವರೇ ಬಂದು ಮೋಟರು ಒಯ್ಯುತ್ತಾರೋ ಇಲ್ಲವೋ, ನಾಲ್ಕು ಸಾಲು. ಮಾಮಾನ ಹೆಸರನ್ನು ಎಲ್ಲ ಕಡೆಯಿಂದ ತೆಗೆದೆ. ಹಟ ಮಾಡಿ ತೆಗೆದೆ, ಸುಳ್ಳನ್ನು ಒರೆಸಿಹಾಕಿದೆ ಎಂಬ ಜಂಬವಿತ್ತು ನನಗೆ.

ಆ ಮೋಟರು ಚೆನ್ನಾಗಿ ಓಡಿತು. ಫಾರ್ಮು ಪಾಸಾಯಿತು. ಬಿಡಕಿನ್‌ನ ಕೆಲಸ ಬರತೊಡಗಿತು, ಸೈಟು ನೋಡಿ ಬೇರೆ ಒಂದಿಬ್ಬರೂ ಫೋನು ಮಾಡಿದರಂತೆ. ನಾನು ನಾಸಿಕದಲ್ಲಿ ಕೂತು ಬೀಗುತ್ತಿದ್ದಾಗ ಅಕ್ಕನ ಫೋನು ಬಂತು.

"ಆ ಸೈಟ್ ಎಂಟು ದಿನ ಬಂದ್ ಮಾಡು."

"ತಲಿ ಕೆಟ್ಟದೇನು ನಿಂದು?"

"ನಿಮ್ಮ ಮಾಮಾ ಅಂಗಡಿಗೆ ಬರೂದು ಬಿಟ್ಟಾರ. ಬಂದವರೆಲ್ಲಾ ಬಾಗಲಾಗ ನಿಂತು ಮೋಟರ್ ಸುತ್ತೋ ಬಾಯಿ ಎಲ್ಲಿ, ಆ ಹೆಣ್ಮಗಳು ಎಲ್ಲಿ ಅಂತ ನನ್ನನ್ನೇ ಹುಡುಕ್ತಾರ. ಅವರು ಒಂದು ವಾರ ಕೂತ್ರು, ನೋಡಿದ್ರು. ಈಗ ಮನ್ಯಾಗೇ ಇರ್ತಾರ, ಟಿವಿನೂ ಹಚ್ಚಂಗಿಲ್ಲ."

ನಾನು ರೇಗಿದೆ. ಆರು ವರ್ಷ ನಿನ್ನ ದುಡಿಮೆಯ ಹೆಸರು ಅವರು ಉಂಡಿಲ್ಲವೇ, ಈಗ ಸ್ವಲ್ಪ ದಿನ ಕಹಿಯಾದರೆ ಆಗಲಿ ಎಂದೆ. ಅಕ್ಕ ತಡೆದು ತಡೆದು ಮಾತಾಡಿದಳು.

"ನೀ ಒಂದು ದಿನ ಬಂದು ನೋಡಿ ಹೋದಿ. ನಾ ಇಲ್ಲೇ ಇರಾಕಿ. ಈ ಕೆಲಸ ನನಗ ಯಾರು ಕಲಿಸಿದ್ರು ಅಂತ ಕೇಳಿದೇನು?"

ಕೇಳಿರಲಿಲ್ಲ. ಈ ಸಲವೂ ಕೇಳಿರಲಿಲ್ಲ.

ಕೈ ನಡುಗಲು ಶುರುವಾದ ವರ್ಷ ಏಳು ತಿಂಗಳು ದಿನಾ ಮಾಮಾ ಅವಳ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರಂತೆ. ತಂತಿ ಸಡಿಲಾದರೆ ಯಂತ್ರದ ಸದ್ದಿನಿಂದಲೇ ಗುರುತಿಸಿ ಬಿಚ್ಚು ಎನ್ನುತ್ತಿದ್ದರಂತೆ. ಎಷ್ಟೋ ದಿನ ಸುತ್ತಿದ್ದನ್ನೆಲ್ಲ ಬಿಚ್ಚಿದ್ದೇ ಆಯಿತಂತೆ. ಇದನ್ನೆಲ್ಲ ಹೇಳಿ ಅಕ್ಕ, "ಬಂದ್ ಮಾಡಬ್ಯಾಡ, ಹೋಗಲಿ. ಒಂದು ಸಾಲು ಕೂಡಿಸು. ಈ ಕೆಲಸ ನನಗ ಕಲಿಸಿದವರು ನನ್ನ ಗಂಡ ಅಂತ ಬರಿ. ಅವರ ಹೆಸರ ಹಾಕು" ಎಂದಳು. ಬರೆದೆ. ಬರೆಯುವಾಗ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಎರಡು ದಿನದ ನಂತರ ಮಾಮಾ ಫೋನು ಮಾಡಿದರು. ಅಷ್ಟು ವರ್ಷದಲ್ಲಿ ಅವರಾಗಿ ನನಗೆ ಫೋನು ಮಾಡಿದ್ದು ಅದೇ ಮೊದಲು.

"ಅದರಾಗ ಒಂದು ಸುಳ್ಳು ಬರ್ದಿ" ಎಂದರು. "ನಾ ಏನೂ ಕಲಿಸಿಲ್ಲ. ನನ್ನ ಕೈ ಹೋತಲ್ಲಾ ಅಂತ ಸಿಟ್ಟಿನ್ಯಾಗ ಆಕಿಗಿ ಬೈಕೋತ ಕೂಡ್ತಿದ್ದೆ. ಬೈಸ್ಕೊಂಡು ಬೈಸ್ಕೊಂಡು ಆಕಿ ತಾನೇ ಕಲ್ತಾಳ. ತಗಿ ಅದನ್ನ."

"ಅದು ನಾ ಬರ್ದಿದ್ದಲ್ಲ ಮಾಮಾ. ಅಕ್ಕ ಹೇಳಿ ಬರಸ್ಯಾಳ."

ಫೋನು ಕಟ್ಟಾಯಿತೇನೋ ಎಂದು ನಾನು ಎರಡು ಸಲ ಪರದೆ ನೋಡಿಕೊಂಡೆ.

"ಆಕಿನೇ ಹೇಳಿದ್ಲು?"

"ಹೂಂ, ಮಾಮಾ."

"ಆಕಿನೇ?"

"ಆಕಿನೇ."

"ಇಡ್ತೀನಿ ಹಂಗಾರ," ಎಂದರು, "ಅಂಗಡಿಗೆ ಹೋಗಬೇಕು."